ಷರಾ ಕಾಲಮಿನ ಹೊಳೆ

ದೋಣಿಗಟ್ಟಿಯ ದಂಡೆಯಲ್ಲಿ ಹೊಳೆಯ ನೀರಿನ ಮಟ್ಟ ನೋಡಿ ಬರೆದಿಡುವ ಕೆಲಸಕ್ಕೆ ಚನಮಲ್ಲಪ್ಪ ಸೇರಿ ಹದಿನೆಂಟು ವರ್ಷವಾಗಿತ್ತು. ಅದರಲ್ಲಿ ಹದಿನೇಳು ವರ್ಷ ಹತ್ತು ತಿಂಗಳು ಅವನಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಉಳಿದ ಎರಡು ತಿಂಗಳ ಕತೆ ಇದು.

ಕೆಲಸವೇನೂ ದೊಡ್ಡದಲ್ಲ. ಜಮಖಂಡಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ಈ ಊರಿನ ಮಗ್ಗುಲಲ್ಲಿ ಕೃಷ್ಣಾ ನದಿ ಒಂದು ಸುತ್ತು ಹೊರಳಿ ಮುಂದೆ ಹೋಗುತ್ತದೆ. ಆ ಹೊರಳಿನಲ್ಲಿ, ಕಪ್ಪು ಬಿಳಿ ಗೆರೆ ಎಳೆದ ಒಂದು ಕಂಬ ನೀರೊಳಗೆ ನಿಂತಿದೆ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಚನಮಲ್ಲಪ್ಪ ಮೆಟ್ಟಿಲಿಳಿದು ನೀರು ಯಾವ ಗೆರೆಗೆ ಬಂದಿದೆ ಎಂದು ನೋಡಬೇಕು, ರಜಿಸ್ಟರಿನಲ್ಲಿ ಬರೆಯಬೇಕು, ಆ ಪುಟದ ಫೋಟೋ ತೆಗೆದು ‘ಹೊಳಿ ನೀರು’ ಎಂಬ ವಾಟ್ಸ್ಯಾಪ್ ಗುಂಪಿಗೆ ಹಾಕಬೇಕು. ಗುಂಪಿನಲ್ಲಿ ಕಚೇರಿಯವರೂ ಇದ್ದರು, ಊರ ರೈತರೂ ಇದ್ದರು.

ರೈತರಿಗೆ ಆ ಫೋಟೋ ಬೇಕೇ ಬೇಕು. ದಂಡೆಗುಂಟ ಅವರ ಎಪ್ಪತ್ತೆರಡು ಮೋಟರುಗಳಿದ್ದವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಷ್ಟೂ ಮೋಟರನ್ನು ಕೆಳಗಿಳಿಸುತ್ತಾರೆ. ಹೊಳೆ ಬಂದಾಗ, ಎಂದರೆ ನೆರೆ ಏರಿದಾಗ, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮೇಲೆ ಎಳೆಯುತ್ತಾರೆ. ಈ ಸೀಮೆಯ ತಮಾಷೆಯೆಂದರೆ ಹೊಳೆ ಬರುವಾಗ ಇಲ್ಲಿ ಮಳೆ ಇರುವುದಿಲ್ಲ. ಮಳೆ ದೂರದ ಮಹಾರಾಷ್ಟ್ರದ ಗುಡ್ಡಗಳಲ್ಲಿ ಬೀಳುತ್ತದೆ, ಇಲ್ಲಿ ರಣಬಿಸಿಲಿನಲ್ಲೇ ನೀರು ಏರುತ್ತದೆ. ಹೀಗಾಗಿ ದೋಣಿಗಟ್ಟಿಯವರು ಆಕಾಶ ನೋಡುತ್ತಿರಲಿಲ್ಲ, ಫೋನು ನೋಡುತ್ತಿದ್ದರು.

ರಜಿಸ್ಟರಿನಲ್ಲಿ ಆರು ಕಾಲಮು. ಕಟ್ಟಕಡೆಯದು ಷರಾ. ವಿಶೇಷವೇನಾದರೂ ಇದ್ದರೆ ಅಲ್ಲಿ ಬರೆಯಬೇಕೆಂದು ನಿಯಮ. ಹದಿನೇಳು ವರ್ಷ ಹತ್ತು ತಿಂಗಳು, ದಿನಕ್ಕೆ ಎರಡು ಸಲ, ಚನಮಲ್ಲಪ್ಪ ಅಲ್ಲಿ ‘ಏನೂ ಇಲ್ಲ’ ಎಂದು ಬರೆದಿದ್ದ. ಬರೆದ ಮೇಲೆ ಮಾತ್ರ ಮೆಟ್ಟಿಲ ಮೇಲೆ ಒಂದು ತಾಸು ಸುಮ್ಮನೆ ಕೂತಿರುತ್ತಿದ್ದ. ಮಂಜು ನೀರಿನಿಂದ ಏಳುವುದು, ಆಚೆ ದಂಡೆಯ ಕಬ್ಬು ಇಲ್ಲವಾಗಿ ಮತ್ತೆ ಕಾಣಿಸುವುದು, ಕೊಕ್ಕರೆಯೊಂದು ಏನನ್ನೋ ಮರೆತವರಂತೆ ನಿಂತುಬಿಡುವುದು, ಇವೆಲ್ಲ ಅವನ ಕಣ್ಣೆದುರೇ ನಡೆಯುತ್ತಿದ್ದವು. ಇವನ್ನು ನೋಡುವಾಗ ಅವನಿಗೆ ಸುಖವಾಗುತ್ತಿತ್ತು. ಆ ಸುಖಕ್ಕೆ ರಜಿಸ್ಟರಿನಲ್ಲಿ ಕಾಲಮು ಇರಲಿಲ್ಲ.

ಜೂನಿನ ಒಂದು ಬೆಳಿಗ್ಗೆ ಅಂಥದೇ ಮಂಜಿನಲ್ಲಿ ಕೂತು ಬರೆಯುವಾಗ ಕೈ ತಪ್ಪಿತು. ‘ಏನೂ ಇಲ್ಲ’ ಎನ್ನುವ ಜಾಗದಲ್ಲಿ ‘ಹೊಳೆ ಇನ್ನೂ ಎದ್ದಿಲ್ಲ’ ಎಂದು ಬರೆದುಬಿಟ್ಟಿದ್ದ. ಅವನಿಗೆ ಗೊತ್ತಾಗುವಷ್ಟರಲ್ಲಿ ಫೋಟೋ ಗುಂಪಿಗೆ ಹೋಗಿಯಾಗಿತ್ತು. ನೌಕರಿ ಹೋಯಿತೆಂದು ತಲೆಯ ಮೇಲೆ ಕೈ ಹೊತ್ತು ಕೂತ. ಆದರೆ ಹತ್ತು ನಿಮಿಷದಲ್ಲಿ ಹನ್ನೊಂದು ಹೆಬ್ಬೆರಳು ಬಂದವು. ಊರಿನ ದೊಡ್ಡ ಒಕ್ಕಲಿಗ, ಮೂರು ಮೋಟರಿನ ಧಣಿ ಅಣ್ಣಾಸಾಹೇಬ ಎರಡು ಗುಲಾಬಿ ಹೂ ಕಳಿಸಿ, ‘ಛಲೋ ಬರದಿ’ ಎಂದಿದ್ದರು.

ಮನೆಯಲ್ಲಿ ಹೆಂಡತಿ ಶೈಲಾ ಅದನ್ನು ಎರಡು ಸಲ ಓದಿದಳು. ಅವಳು ಸಾವಳಗಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದಳು. ಗಂಡ ಬರೆದದ್ದನ್ನು ಕೆಂಪು ಪೆನ್ನಿಲ್ಲದೆ ಓದಿದ್ದು ಅದೇ ಮೊದಲು.

“ರೀ, ಇದು ಅಲಂಕಾರ ರೀ!”

“ನಾ ಏನೂ ಮಾಡಿಲ್ಲ,” ಎಂದ ಚನಮಲ್ಲಪ್ಪ ಗಾಬರಿಯಿಂದ.

“ಹೊಳಿ ಏನ್ ಮಲಗ್ತೈತೇನು, ಏಳ್ತೈತೇನು? ಜೀವ ಇಲ್ಲದ್ದಕ್ಕ ಜೀವ ಕೊಟ್ಟೀರಿ. ಅದಕ್ಕ ಮಾನವೀಕರಣ ಅಂತಾರ. ಹೊಳಿ ಸೀರಿ ಹಂಗ ಐತಿ ಅಂದ್ರ ಉಪಮಾ. ‘ಹಂಗ’ ತಗದು ಹೊಳೀನ ಸೀರಿ ಅಂದ್ರ ರೂಪಕ. ಸೀರಿ ಹಾಸ್ಯಾರೇನೋ ಅಂತ ಊಹೆ ಮಾಡಿದ್ರ ಉತ್ಪ್ರೇಕ್ಷಾ. ತಿಳೀತಿಲ್ಲೋ?”

ಚನಮಲ್ಲಪ್ಪನಿಗೆ ತಿಳಿದದ್ದು ಇಷ್ಟು: ಇಷ್ಟು ವರ್ಷ ತನ್ನೊಳಗೆ ಏನೋ ಒಂದಿತ್ತು, ಅದಕ್ಕೆ ಹೆಸರೂ ಇತ್ತು. ಮರುದಿನದಿಂದ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊಳೆಗೆ ಹೋಗತೊಡಗಿದ.

ಇಂಥ ಪ್ರತಿಭೆಗೆ ಸರಕಾರ ಕೊಟ್ಟ ಜಾಗ ಒಂದೂವರೆ ಇಂಚು. ಷರಾ ಕಾಲಮು ಅಷ್ಟೇ ಅಗಲವಿತ್ತು. ‘ಹೊಳೆ ಬನಹಟ್ಟಿ ಸೀರೆಯ ಹಾಗೆ, ನಡುವೆ ಹಸಿರು, ಅಂಚಿಗೆ ಬಿಸಿಲಿನ ಜರಿ’ ಎಂದು ಮನಸ್ಸಿನಲ್ಲಿ ಕಟ್ಟಿಕೊಂಡು ಬಂದರೆ, ‘ಹಾಗೆ’ ಬರೆಯುವ ಹೊತ್ತಿಗೇ ಗೆರೆ ಅಡ್ಡ ಬರುತ್ತಿತ್ತು. ಸರಕಾರಿ ಗೆರೆ ದಾಟುವ ಧೈರ್ಯ ಅವನಿಗಿಲ್ಲ. ಉಪಾಯವಿಲ್ಲದೆ ‘ಹಾಗೆ’ಯನ್ನು ಕೈಬಿಟ್ಟು, ಹಿಂದುಮುಂದಿನದನ್ನೂ ಬಿಟ್ಟು, ‘ಹೊಳೆ: ಬನಹಟ್ಟಿ ಸೀರೆ’ ಎಂದು ಬರೆದ. ಅಂದು ಮಧ್ಯಾಹ್ನ ಹುನ್ನೂರಿನ ಇಬ್ಬರು ಹೆಂಗಸರು ಬಸ್ಸಿಳಿದು ಬಂದು, ಹೊಳೆ ದಂಡೆಯಲ್ಲಿ ಸೀರೆಯ ಸೇಲು ಎಲ್ಲಿ ಹಾಕಿದ್ದಾರೆಂದು ಕೇಳಿದರು. ಚನಮಲ್ಲಪ್ಪ ಅವರಿಗೆ ಹೊಳೆ ತೋರಿಸಿದ. ಅವರು ಹೊಳೆಯನ್ನೂ ಅವನನ್ನೂ ನೋಡಿ, ಮುಂದಿನ ಬಸ್ಸಿಗೆ ಹತ್ತಿ ಹೋದರು.

ಅಷ್ಟಕ್ಕೇ ಎಚ್ಚರವಾಗಿದ್ದರೆ ಅವನು ಚನಮಲ್ಲಪ್ಪನೇ ಅಲ್ಲ. ಜುಲೈ ಮೊದಲ ವಾರ ಬೆಳಿಗ್ಗೆ ಹೊಳೆ ಎಂದಿಗಿಂತ ಮೆಲ್ಲಗೆ ಹೋಗುತ್ತಿತ್ತು. ಗಾಳಿಯಿಲ್ಲ, ಸದ್ದಿಲ್ಲ. ತುಂಬು ಬಸುರಿ ನಡುವಿಗೆ ಕೈ ಕೊಟ್ಟುಕೊಂಡು, ಯಾವ ಅವಸರವೂ ಇಲ್ಲದೆ ಅಂಗಳದಲ್ಲಿ ಅಡ್ಡಾಡುವ ಹಾಗೆ ಇತ್ತು. ಆ ಚಂದಕ್ಕೆ ಅವನ ಕಣ್ಣು ತುಂಬಿತು. ಹಿಂದಿನ ದಿನಕ್ಕಿಂತ ನೀರು ಒಂದು ಬೆರಳೂ ಏರಿರಲಿಲ್ಲ. ಅದನ್ನು ಮಟ್ಟದ ಕಾಲಮಿನಲ್ಲಿ ನಿಷ್ಠೆಯಿಂದ ಬರೆದ. ಷರಾದಲ್ಲಿ ಹಿಡಿಸಿದ್ದು ಎರಡೇ ಮಾತು: ‘ತುಂಬು ಬಸುರಿ.’

ಈಗ ಗುಂಪಿನಲ್ಲಿ ಅಂಕಿ ಓದುವವರು ಯಾರೂ ಉಳಿದಿರಲಿಲ್ಲ. ಎಲ್ಲರೂ ಷರಾ ಓದುತ್ತಿದ್ದರು. ಎಂಟು ಗಂಟೆಗೆ ಅಣ್ಣಾಸಾಹೇಬರ ಟ್ರ್ಯಾಕ್ಟರು ದಂಡೆಗೆ ಬಂತು. ಅದರ ಹಿಂದೆ ಪಕ್ಕದ ಹೊಲದ ಕಲ್ಮೇಶನದು, ಅದರ ಹಿಂದೆ ಒಂಬತ್ತು. ಹಗ್ಗ, ಸರಪಳಿ, ಕೂಗಾಟ. ಹನ್ನೊಂದರ ಹೊತ್ತಿಗೆ ಎಪ್ಪತ್ತೆರಡೂ ಮೋಟರು ಮೇಲೆ ಬಂದು, ಮಣ್ಣು ಮೆತ್ತಿಕೊಂಡು ಸಾಲಾಗಿ ಕೂತವು. ಮಂದಿಯೂ ಪಕ್ಕದಲ್ಲಿ ಕೂತು ಹೊಳೆಯ ದಾರಿ ಕಾಯತೊಡಗಿದರು. ಹೊಳೆ ತನ್ನ ಪಾಡಿಗೆ ಹೋಗುತ್ತಿತ್ತು. ಮಧ್ಯಾಹ್ನ ತ್ರೀಫೇಸ್ ಕರೆಂಟು ಬಂತು, ಮೋಟರಿಲ್ಲದೆ ವ್ಯರ್ಥವಾಗಿ ಹೋಯಿತು.

“ಲೇ ಚನಮಲ್ಲ!” ಅಣ್ಣಾಸಾಹೇಬರು ಮೆಟ್ಟಿಲ ಮೇಲಿಂದ ಕೂಗಿದರು. “ಎಲ್ಲೈತೋ ನಿನ್ನ ಹೊಳಿ?”

“ಇಲ್ಲೇ ಐತಲ್ರಿ.”

“ಬಸುರಿ ಅಂತ ಬರದೀಯಲ್ಲೋ!”

“ನಡಿಗಿ ಹಂಗಿತ್ರಿ, ಅಣ್ಣಾಸಾಹೇಬ್ರ. ಹೊಟ್ಟಿ ಬಗ್ಗೆ ನಾ ಏನೂ ಬರದಿಲ್ಲ.”

ಈ ಮಾತು ಮುಗಿಯುವ ಮೊದಲೇ ಆಶಾ ಕಾರ್ಯಕರ್ತೆ ಮನೀಷಾ ಚೀಲ ಹಿಡಿದು ಏದುಸಿರು ಬಿಡುತ್ತ ಬಂದಳು. ಫೋಟೋ ಗುಂಪಿನಿಂದ ಗುಂಪಿಗೆ ಹಾರಿ, ಆರೋಗ್ಯ ಇಲಾಖೆಯ ಗುಂಪನ್ನೂ ತಲುಪಿತ್ತು.

“ಕಾಕಾ, ದೋಣಿಗಟ್ಟಿ ಹೊಳಿ ಮ್ಯಾಲ ಒಬ್ಬಾಕಿ ತುಂಬು ಬಸುರಿ ಅದಾಳಂತ, ತಾಯಿ ಕಾರ್ಡ್ ಮಾಡಿಸಿಲ್ಲಂತ. ನಮ್ಮ ಮ್ಯಾಡಂ ನನಗ ಬೈಯಾಕತ್ತಾರ. ಎಲ್ಲಿ ಅದಾಳ ಆಕಿ?”

ಚನಮಲ್ಲಪ್ಪ ಕೈ ಚಾಚಿ ನೀರು ತೋರಿಸಿದ. ಮನೀಷಾ ಎದೆ ಬಡಿದುಕೊಂಡು, “ಅಯ್ಯ ಯವ್ವಾ, ಬಿದ್ಲೇನು!” ಎಂದು ಕಿರುಚಿದಳು. ಅದು ಹಾಗಲ್ಲವೆಂದು ಅವಳಿಗೆ ತಿಳಿಸುವಷ್ಟರಲ್ಲಿ ಇಬ್ಬರು ಈಜುಗಾರರು ನೀರಿಗೆ ಹಾರಿಯಾಗಿತ್ತು.

ಮರುದಿನ ಜಮಖಂಡಿಯ ಕಚೇರಿಯಿಂದ ಎಂಜಿನಿಯರ್ ಗೌರೀಶ ಸಾಹೇಬರ ಕಾಗದ ಬಂತು. ಸಾಹೇಬರು ಮುಧೋಳದ ಕಡೆಯ, ಕನ್ನಡಕದ, ಇನ್ನೂ ಮೂವತ್ತು ತುಂಬದ ಮನುಷ್ಯ. ಕಾಗದದಲ್ಲಿ ಹೀಗಿತ್ತು: ಜೂನ್ ಒಂದರಿಂದ ಈವರೆಗಿನ ಎಲ್ಲ ಷರಾಗಳನ್ನು ಸೋಮವಾರ ಮಧ್ಯಾಹ್ನ ಪಂಚಾಯಿತಿ ಸಭಾಂಗಣದಲ್ಲಿ ಸಾರ್ವಜನಿಕವಾಗಿ ಪರಿಶೀಲಿಸಲಾಗುವುದು. ಅಲಂಕಾರಗಳನ್ನು ಗುರುತಿಸಿ ಕೆಂಪು ಗೆರೆ ಎಳೆಯಲಾಗುವುದು. ಗೆರೆ ಬೀಳದೆ ಉಳಿದದ್ದನ್ನು ಮಾತ್ರ ಮಾಹಿತಿ ಎಂದು ಪರಿಗಣಿಸಲಾಗುವುದು. ಏನೂ ಉಳಿಯದಿದ್ದರೆ ಚನಮಲ್ಲಪ್ಪನನ್ನು ಜಮಖಂಡಿಯ ಸ್ಟೋರ್ ರೂಮಿಗೆ ವರ್ಗ ಮಾಡಲಾಗುವುದು.

ಚನಮಲ್ಲಪ್ಪ ಆ ಸ್ಟೋರ್ ರೂಮು ನೋಡಿದ್ದ. ಪೈಪು, ವಾಲ್ವು, ಹಳೇ ಕುರ್ಚಿ. ಕಿಟಕಿ ಇರಲಿಲ್ಲ. ಎರಡು ದಿನ ಅವನಿಗೆ ಊಟ ಸೇರಲಿಲ್ಲ. ಬೆಳಿಗ್ಗೆ ಆರಕ್ಕೆ ಹೊಳೆ ನೋಡದೆ ಇರುವ ದಿನ ಹೇಗಿರುತ್ತದೆಂದು ಅವನಿಗೆ ಊಹಿಸಲಿಕ್ಕೇ ಆಗಲಿಲ್ಲ, ಮತ್ತು ಅದು ಯಾವ ಅಲಂಕಾರವೂ ಅಲ್ಲ, ಬರೀ ದುಃಖ.

ಸೋಮವಾರ ಸಭಾಂಗಣ ತುಂಬಿತು. ತಜ್ಞೆಯಾಗಿ ಶೈಲಾಳನ್ನು ಕರೆಸಿದ್ದರು. ಗಂಡನ ವಿರುದ್ಧ ಸಾಕ್ಷಿ ಹೇಳುವ ಪ್ರಸಂಗವಾದರೂ ವ್ಯಾಕರಣದ ವಿಷಯದಲ್ಲಿ ಆಕೆ ಯಾರ ಮುಲಾಜಿಗೂ ಬೀಳುವವಳಲ್ಲ. ಗೌರೀಶ ಸಾಹೇಬರು ಕೆಂಪು ಪೆನ್ನು ಬಿಚ್ಚಿದರು.

“‘ಹೊಳೆ ಇನ್ನೂ ಎದ್ದಿಲ್ಲ.’ ಮೇಡಂ?”

“ಮಾನವೀಕರಣ ರೀ, ಸರ್.”

ಕೆಂಪು ಗೆರೆ ಬಿತ್ತು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಬೋರವ್ವ ಎದ್ದಳು. ಹೊಳೆಯ ಅಂಚಿನಲ್ಲಿ ಬದನೆ ಬೆಳೆಯುವ ಮುದುಕಿ; ವಯಸ್ಸು ಎಪ್ಪತ್ತೋ ತೊಂಬತ್ತೋ ಯಾರಿಗೂ ಗೊತ್ತಿಲ್ಲ.

“ಹಂಗಂದ್ರೇನಬೇ ಶೈಲವ್ವಾ?”

“ಜೀವ ಇಲ್ಲದ್ದಕ್ಕ ಜೀವ ಕೊಡೂದು, ಅಜ್ಜಿ.”

“ಹೊಳಿಗೆ ಜೀವ ಇಲ್ಲಂತ ನಿನಗ ಯಾರ್ ಹೇಳಿದ್ರು?”

ಶೈಲಾ ಕೈಯಲ್ಲಿದ್ದ ವ್ಯಾಕರಣ ಪುಸ್ತಕ ಬಿಚ್ಚಿದಳು. ಯಾರು ಹೇಳಿದ್ದೆಂದು ಅದರಲ್ಲಿ ಬರೆದಿರಲಿಲ್ಲ.

“ನೋಡ್ರಿ ಅಜ್ಜಿ,” ಗೌರೀಶ ಸಾಹೇಬರು ತಾಳ್ಮೆಯಿಂದ ಹೇಳಿದರು, “ಹೊಳಿ ಮಲಗೂದಿಲ್ಲ, ಏಳೂದಿಲ್ಲ. ನೀವು ಸುಮ್ನ ಹಂಗ ಅಂತೀರಿ ಅಷ್ಟ.”

“ಹಂಗಾರ ಹೋದ ವರ್ಷ ಹೊಳಿ ಬಂತು ಅಂತ ನೀವ ಮೈಕಿನ್ಯಾಗ ಒದರಿದ್ರಲ್ಲ? ಬಂದದ್ದು ಖರೇನೋ ಸುಳ್ಳೋ?”

“ಬಂದದ್ದು ಖರೆ. ಆದ್ರ...”

“ಕಾಲಿಲ್ಲದ ಹೆಂಗ ಬಂತು? ನನ್ನ ಮನಿ ಪಡಸಾಲಿ ತನಕ ಬಂದಿತ್ತು ನೋಡಪಾ.”

ಸಭೆ ನಕ್ಕಿತು. ಗೌರೀಶ ಸಾಹೇಬರು ‘ಹೊಳೆ ಬಂತು’ ಎಂಬುದನ್ನು ಪಕ್ಕದ ಹಾಳೆಯಲ್ಲಿ ಬರೆದುಕೊಂಡು, ಕೆಳಗೆ ಒಂದು ಪ್ರಶ್ನೆ ಚಿಹ್ನೆ ಹಾಕಿದರು. ಆಮೇಲೆ ಪಟ್ಟು ಹಿಡಿದು ಮುಂದುವರಿದರು. ಬನಹಟ್ಟಿ ಸೀರೆ: ರೂಪಕ. ‘ಮಂಜು ಗುಡ್ಡದ ಕಡೆ ಹೊರಟಿತು’: ಮಾನವೀಕರಣ. ‘ಕೊಕ್ಕರೆ ಹೆಡ್‌ಮಾಸ್ತರ’: ರೂಪಕ. ಇದಕ್ಕೆ ಮಾತ್ರ ನಿವೃತ್ತ ಹೆಡ್‌ಮಾಸ್ತರ ಹುಲೆಪ್ಪನವರು ಎದ್ದು ನಿಂತು ತೀವ್ರ ಆಕ್ಷೇಪ ಸಲ್ಲಿಸಿದರು. ಐದೂವರೆಯ ಹೊತ್ತಿಗೆ ಷರಾ ಕಾಲಮು ಮೇಲಿಂದ ಕೆಳಗಿನವರೆಗೆ ಕೆಂಪಾಗಿತ್ತು. ಗೆರೆಯಿಲ್ಲದೆ ಒಂದೂ ಉಳಿದಿರಲಿಲ್ಲ.

“ಚನಮಲ್ಲಪ್ಪನವರ, ನನ್ನ ಕಡೆ ಇನ್ನೇನೂ ಉಳೀಲಿಲ್ಲ,” ಎಂದರು ಗೌರೀಶ ಸಾಹೇಬರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು. “ನಾಳೆಯಿಂದ ಸ್ಟೋರಿಗೆ ಬರ್ರಿ. ಇವತ್ತಿಂದು ಸಂಜಿ ಮಟ್ಟ ನೋಡಿ ರಜಿಸ್ಟರ್ ಒಪ್ಪಿಸ್ರಿ.”

ಚನಮಲ್ಲಪ್ಪ ರಜಿಸ್ಟರು ಎದೆಗವಚಿಕೊಂಡು ಹೊಳೆಗೆ ಇಳಿದ. ಇಳಿಬಿಸಿಲು ನೀರಿನ ಮೇಲೆ ಅಗಲವಾಗಿ ಬಿದ್ದಿತ್ತು. ಕಡೆಯ ಸಲವೆಂದು ಕೆಳಗಿನ ಮೆಟ್ಟಿಲ ಮೇಲೆ ಕೂತು ಪಾದ ಇಳಿಬಿಟ್ಟ. ಎಷ್ಟು ಹೊತ್ತು ಹಾಗೆ ಕೂತಿದ್ದನೋ, ನೀರು ಮೀನಖಂಡಕ್ಕೆ ತಾಕಿದಾಗ ಬೆಚ್ಚಿದ. ಕೂತಾಗ ಅದು ಪಾದದಲ್ಲಿತ್ತು. ಬಗ್ಗಿ ನೋಡಿದ. ನೀರಿನ ಬಣ್ಣ ಚಹದ್ದಾಗಿತ್ತು. ಎಲ್ಲಿಯದೋ ಹುಲ್ಲು, ಯಾವುದೋ ಊರಿನ ಬಾಳೆ ಎಲೆ, ಬಿಳಿ ನೊರೆ, ಎಲ್ಲ ಮೆಲ್ಲಗೆ ಸಾಲಾಗಿ ಬರುತ್ತಿದ್ದವು. ಕಂಬ ನೋಡಿದ. ಬೆಳಿಗ್ಗೆ ಕಂಡಿದ್ದ ಎರಡು ಗೆರೆ ಮುಳುಗಿದ್ದವು.

ಸಭಾಂಗಣಕ್ಕೆ ಓಡಿ ಬಂದಾಗ ಮಂದಿ ಇನ್ನೂ ಚಹಾ ಕುಡಿಯುತ್ತ ಕೂತಿದ್ದರು.

“ಸಾಹೇಬ್ರ, ಹೊಳಿ ಬರಾಕತ್ತೈತಿ!”

“ಮತ್ತ ಶುರು ಮಾಡಿದ್ರಿ?” ಎನ್ನುತ್ತಿದ್ದಂತೆಯೇ ಸಾಹೇಬರ ಫೋನು ರಿಂಗಾಯಿತು. ಮೇಲಿನ ಆಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಕೇಳುತ್ತ ಕೇಳುತ್ತ ಅವರ ಮುಖ ಸಣ್ಣದಾಯಿತು. ಮೊನ್ನೆ ಎತ್ತಿದ್ದ ಮೋಟರೆಲ್ಲ ಈಗ ಮತ್ತೆ ಕೆಳಗಿಳಿದಿದ್ದವು. ಅವಸರದಿಂದ ಗುಂಪಿಗೆ ಬರೆದರು: ‘ನದಿಯ ನೀರಿನ ಮಟ್ಟದಲ್ಲಿ ಗಣನೀಯ ಏರಿಕೆಯಾಗುವ ಸಂಭವವಿದ್ದು, ನದಿ ದಂಡೆಯ ಸಾರ್ವಜನಿಕರು ಮುನ್ನೆಚ್ಚರಿಕೆ ವಹಿಸತಕ್ಕದ್ದು.’

ಎದುರಿಗೇ ಕೂತಿದ್ದ ನಲವತ್ತು ಮಂದಿಯ ಜೇಬಿನಲ್ಲಿ ಫೋನು ಒಟ್ಟಿಗೇ ಟಿಣ್ ಎಂದಿತು. ಎಲ್ಲರೂ ತೆಗೆದು ನೋಡಿದರು. ಎಲ್ಲರೂ ಮತ್ತೆ ಒಳಗಿಟ್ಟರು.

“ಏಳ್ರಿ! ಮೋಟರ್ ಎತ್ರಿ!” ಎಂದರು ಸಾಹೇಬರು.

“ಇದನ್ನ ನೀವು ಜೂನ್‌ದಿಂದ ದಿನಾ ಹಾಕ್ತೀರಲ್ರಿ,” ಎಂದ ಕಲ್ಮೇಶ. “ಹೊಳ್ಯಾಗ ಎಮ್ಮಿ ಅಡ್ಡಾಡುವಾಗೂ ಇದ ಬಂದಿತ್ತು.”

“ಇವತ್ತು ಖರೆ ಐತಿ!”

“ದಿನಾ ಖರೇನ ಇತ್ತಲ್ರಿ ಸರಕಾರದ ಲೆಕ್ಕಕ್ಕ,” ಎಂದರು ಅಣ್ಣಾಸಾಹೇಬರು. “ಮೊನ್ನೆ ಒಮ್ಮೆ ಎತ್ತಿ ಸೊಂಟ ಹೋಗೈತಿ. ನಾಳೆ ಚಹಾ ಕುಡದು ನೋಡೂಣು.”

ಗೌರೀಶ ಸಾಹೇಬರು ಚನಮಲ್ಲಪ್ಪನ ರಟ್ಟೆ ಹಿಡಿದು ಮೂಲೆಗೆ ಎಳೆದರು. “ನೀವು ಬರೀರಿ.”

“ಏನ್ ಬರೀಲ್ರಿ?”

“ಅಲಂಕಾರ! ಏನರ ಒಂದು. ಹೊಳಿ ಹುಲಿ ಅಂತ ಬರೀರಿ. ಹೊಳಿ ರಾಕ್ಷಸಿ ಅಂತ ಬರೀರಿ!”

“ಹುಲಿ ಯಾರು ನೋಡ್ಯಾರ್ರಿ, ಸಾಹೇಬ್ರ? ರಾಕ್ಷಸಿ ಅಂದ್ರ ಬರೇ ನಗ್ತಾರ. ಎಲ್ಲಾರೂ ಕಂಡದ್ದು ಬೇಕ್ರಿ.” ಚನಮಲ್ಲಪ್ಪ ಕಣ್ಣು ಮುಚ್ಚಿದ. ಆ ಬಾಳೆ ಎಲೆ, ಆ ನೊರೆ, ಆ ಸಾಲು ಅವನ ಕಣ್ಣೊಳಗೆ ಮತ್ತೆ ತೇಲಿ ಬಂದವು. ಎಲ್ಲಿಂದಲೋ, ಗಂಟುಮೂಟೆ ಸಮೇತ, ಅವಸರವಿಲ್ಲದೆ, ಬಂದೇ ಬರುತ್ತೇವೆಂಬ ಹಕ್ಕಿನಿಂದ ಬರುತ್ತಿದ್ದವು. ಅವನು ರಜಿಸ್ಟರು ಬಿಚ್ಚಿ ಬರೆದು, ಫೋಟೋ ಹಾಕಿದ: ‘ನಾಳೆ ಬೀಗರು.’

ಮತ್ತೆ ನಲವತ್ತು ಫೋನು ಟಿಣ್ ಎಂದಿತು. ಅಣ್ಣಾಸಾಹೇಬರು ಓದಿದರು. ಚಹದ ಕಪ್ಪು ಕೆಳಗಿಟ್ಟರು.

“ಬೀಗರು? ಎಷ್ಟು ಮಂದಿ?”

“ಹೋದ ವರ್ಷದಷ್ಟೂ ಬರ್ತಾರ್ರಿ. ಮಕ್ಕಳೂ ಮರೀನೂ ಅದಾವು.”

“ಯಾವಾಗ?”

“ಮಧ್ಯಾಹ್ನ ಊಟದ ಹೊತ್ತಿಗೆ.”

“ಉಂಡು ಹೋಗಾವ್ರೋ, ಇರಾವ್ರೋ?”

ಚನಮಲ್ಲಪ್ಪ ಹದಿನೆಂಟು ವರ್ಷ ತಾನು ಕಂಡ ಹೊಳೆಗಳನ್ನೆಲ್ಲ ಲೆಕ್ಕ ಹಾಕಿದ. “ಹಾಸಿಗಿ ಕಟಗೊಂಡು ಬರಾಕತ್ತಾರ್ರಿ. ಎಂಟು ದಿನ.”

“ಹಂಗಾರ ಮ್ಯಾಲಿನ ಮೆಟ್ಟಲಕ್ಕ ತಂದ್ರೂ ಸಾಲೂದಿಲ್ಲ,” ಅಣ್ಣಾಸಾಹೇಬರು ಎದ್ದು ನಿಂತು ಗುಡುಗಿದರು. “ದಿಬ್ಬದ ಮ್ಯಾಲಿನ ಬನ್ನಿ ಗಿಡದ ತನಕ ಒಯ್ಯೋಣು! ಕಲ್ಮೇಶಾ, ಸರಪಳಿ ತಗಿ! ಬೋರವ್ವಾ, ನಿನ್ನ ಕೋಳಿ ಹಿಡ್ಕೋ!”

ಸಭಾಂಗಣ ಎರಡು ನಿಮಿಷದಲ್ಲಿ ಖಾಲಿಯಾಯಿತು. ಕತ್ತಲಾಗುವುದರೊಳಗೆ ಅರ್ಧ, ಬೆಳಿಗ್ಗೆ ಹತ್ತರೊಳಗೆ ಉಳಿದರ್ಧ ಮೋಟರು ಬನ್ನಿ ಗಿಡದ ಬುಡ ಸೇರಿದವು. ಗೌರೀಶ ಸಾಹೇಬರು ತಾವೂ ಪ್ಯಾಂಟು ಮಡಚಿ ಒಂದು ಹಗ್ಗಕ್ಕೆ ಕೈ ಹಚ್ಚಿದರು.

ಹೊಳೆ ಒಂದು ಗಂಟೆಗೆ ಬಂತು. ಮೋಡದ ಒಂದು ತುಣುಕೂ ಇಲ್ಲದ ಬಿಸಿಲಿನಲ್ಲಿ, ಸದ್ದೇ ಮಾಡದೆ, ಮೆಟ್ಟಿಲಾದ ಮೇಲೆ ಮೆಟ್ಟಿಲು ಹತ್ತಿತು. ಕೆಳಗಿನ ಕಬ್ಬು ನಡುಮಟ್ಟ ನೀರಿನಲ್ಲಿ ನಿಂತು ತಲೆದೂಗಿತು. ಆಚೆ ದಂಡೆ ದೂರ ದೂರ ಸರಿದು, ಕಡೆಗೆ ಬೆಳಕಿನಲ್ಲಿ ಕರಗಿಹೋಯಿತು. ನೀರು ಬನ್ನಿ ಗಿಡಕ್ಕೆ ಹತ್ತು ಮಾರು ಇರುವಾಗ ನಿಂತಿತು. ಎಪ್ಪತ್ತೆರಡು ಮೋಟರಿನಲ್ಲಿ ಒಂದೂ ಒದ್ದೆಯಾಗಲಿಲ್ಲ. ಊರಿಗೆ ಊರೇ ದಂಡೆಯಲ್ಲಿ ನಿಂತು ನೋಡಿತು.

ಶೈಲಾ ರಜಿಸ್ಟರು ತಂದು ಗೌರೀಶ ಸಾಹೇಬರ ಮುಂದೆ ಹಿಡಿದಳು. “ಸರ್, ನಿನ್ನಿ ಸಂಜಿಂದು ಒಂದು ಗೆರಿ ಎಳಿಯೂದು ಉಳದೈತ್ರಿ. ರೂಪಕ ಅಂತ ಬರಕೋತೀರಿ?”

ಸಾಹೇಬರು ಕೆಂಪು ಪೆನ್ನು ಕೈಯಲ್ಲಿ ತಿರುವಿದರು. ಹೊಳೆಯನ್ನು ನೋಡಿದರು, ಬನ್ನಿ ಗಿಡ ನೋಡಿದರು. ಪೆನ್ನನ್ನು ಜೇಬಿಗಿಟ್ಟುಕೊಂಡರು.

“ಇದು ಅಳತಿ ರೀ, ಮೇಡಂ,” ಎಂದರು. ಆಮೇಲೆ ಚನಮಲ್ಲಪ್ಪನ ಕಡೆ ತಿರುಗಿ, “ಸ್ಟೋರಿಗೆ ಬ್ಯಾರೆ ಯಾರನರ ನೋಡ್ತೀನಿ. ನೀವು ಇಲ್ಲೇ ಇರ್ರಿ,” ಎಂದರು.

ಚನಮಲ್ಲಪ್ಪ ಕೈ ಮುಗಿದು ರಜಿಸ್ಟರು ಈಸಿಕೊಂಡ. ಅಷ್ಟರಲ್ಲಿ ಸಾಹೇಬರ ಫೋನು ಮತ್ತೆ ರಿಂಗಾಯಿತು. ಜಮಖಂಡಿಯ ದೊಡ್ಡ ಸಾಹೇಬರು ಈಗಿನ ಪರಿಸ್ಥಿತಿಯನ್ನು ಒಂದೇ ಸಾಲಿನಲ್ಲಿ, ಕೂಡಲೇ ಕಳಿಸಲು ಕೇಳುತ್ತಿದ್ದರು. ಗೌರೀಶ ಸಾಹೇಬರು ಬರೆಯಲು ಹೋದರು, ಅಳಿಸಿದರು, ಮತ್ತೆ ಬರೆದರು, ಮತ್ತೆ ಅಳಿಸಿದರು. ಕಡೆಗೆ ಮೆಲ್ಲನೆ ಪಕ್ಕಕ್ಕೆ ಬಾಗಿ ಕೇಳಿದರು:

“ಬೀಗರು ಯಾವಾಗ ಹೊಂಡ್ತಾರ್ರಿ, ಚನಮಲ್ಲಪ್ಪನವರ?”

ಚನಮಲ್ಲಪ್ಪ ಬಿಸಿಲಿನಲ್ಲಿ ಮಿನುಗುತ್ತ ಹರಡಿಕೊಂಡಿದ್ದ ನೀರನ್ನು ನೋಡಿದ.

“ಈಗ ಊಟಕ್ಕ ಕುಂತಾರ್ರಿ, ಸಾಹೇಬ್ರ.”

ಗೌರೀಶ ಸಾಹೇಬರು ಅದನ್ನು ಒಂದಕ್ಷರವೂ ಬದಲಿಸದೆ ಜಮಖಂಡಿಗೆ ಕಳಿಸಿದರು.